ವಾಕಿ-ಟಾಕಿಯಲ್ಲಿ ಎರಡು ಧ್ವನಿ: ಅನಲಾಗ್ ಯಾವಾಗ, ಡಿಜಿಟಲ್ ಯಾವಾಗ?

ಜಾತ್ರೆಯ ಬಂದೋಬಸ್ತಿನಲ್ಲಿರುವ ಪೊಲೀಸರ ಹೆಗಲ ಮೇಲೆ, ಮಾಲ್‌ಗಳ ಕಾವಲುಗಾರರ ಸೊಂಟದಲ್ಲಿ, ಚಾರಣ ತಂಡದ ಮುಂದಾಳುವಿನ ಕೈಯಲ್ಲಿ ಕಾಣಸಿಗುವ ವಾಕಿ-ಟಾಕಿ ಹೊರನೋಟಕ್ಕೆ ಬಹಳ ಸರಳವಾದ ಉಪಕರಣ. ಗುಂಡಿ ಒತ್ತಿದರೆ ಮಾತನಾಡಬಹುದು, ಬಿಟ್ಟರೆ ಕೇಳಬಹುದು. ಇಷ್ಟರಲ್ಲಿ ಕಲಿಯಬೇಕಾದದ್ದು ಏನೂ ಇಲ್ಲ ಎಂದು ಅನ್ನಿಸುವುದು ಸಹಜ.

ಆದರೆ ಇಂದು ಮಾರುಕಟ್ಟೆಯಲ್ಲಿರುವ ಅನೇಕ ಕೈ-ರೇಡಿಯೊಗಳ ಒಳಗೆ ಎರಡು ಬಗೆಯ ಧ್ವನಿ ವ್ಯವಸ್ಥೆಗಳಿವೆ. ಒಂದು ಹಳೆಯ ಅನಲಾಗ್, ಇನ್ನೊಂದು ಡಿಜಿಟಲ್. ಇಬ್ಬರು ಒಂದೇ ಆವರ್ತನದಲ್ಲಿ, ತುಂಬಿದ ಬ್ಯಾಟರಿಯೊಂದಿಗೆ ಎದುರುಬದುರು ನಿಂತಿದ್ದರೂ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳದಿರುವ ವಿಚಿತ್ರ ಸನ್ನಿವೇಶ ಇದರಿಂದ ಉಂಟಾಗುತ್ತದೆ. ಸಾಮಾನ್ಯ ದಿನಗಳಲ್ಲಿ ಇದು ಸಣ್ಣ ಕಿರಿಕಿರಿ. ಪ್ರವಾಹ, ಭೂಕಂಪಗಳಂತಹ ಸಂದರ್ಭದಲ್ಲಿ ಮೊಬೈಲ್ ಗೋಪುರಗಳು ಕೈಕೊಟ್ಟು ರೇಡಿಯೊ ಒಂದೇ ಆಸರೆಯಾದಾಗ ಇದೇ ಗೊಂದಲ ಪ್ರಾಣಕ್ಕೆ ಸಂಚಕಾರ ತರಬಲ್ಲದು. ಈ ಎರಡು ಧ್ವನಿಗಳ ಸ್ವರೂಪ, ಬಳಸುವ ಕ್ರಮ ಹಾಗೂ ಮಿತಿಗಳ ಪರಿಚಯ ಇಲ್ಲಿದೆ.

ಅನಲಾಗ್: ಧ್ವನಿಯ ನೇರ ಪ್ರತಿಬಿಂಬ

ಅನಲಾಗ್ ವಾಕಿ-ಟಾಕಿಗಳು ಸಾಮಾನ್ಯವಾಗಿ ಬಳಸುವುದು ಎಫ್‌ಎಂ ವಿಧಾನವನ್ನು. ಮೈಕಿಗೆ ಬಿದ್ದ ಧ್ವನಿಯ ಏರಿಳಿತಕ್ಕೆ ತಕ್ಕಂತೆ ರೇಡಿಯೊ ಅಲೆಯ ಆವರ್ತನವೂ ಅತ್ತಿತ್ತ ಓಲಾಡುತ್ತದೆ. ಕೇಳುವ ಉಪಕರಣವು ಆ ಓಲಾಟವನ್ನು ಮತ್ತೆ ಧ್ವನಿಯಾಗಿ ಪರಿವರ್ತಿಸುತ್ತದೆ. ಅಮೆರಿಕದ ಎಂಜಿನಿಯರ್ ಎಡ್ವಿನ್ ಆರ್ಮ್‌ಸ್ಟ್ರಾಂಗ್ ಅವರಿಗೆ ಈ ವಿಧಾನದ ಪೇಟೆಂಟ್‌ಗಳು ದೊರೆತದ್ದು 1933ರಲ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಸೈನಿಕರು ಬೆನ್ನಿಗೆ ಕಟ್ಟಿಕೊಂಡು ಒಯ್ಯುತ್ತಿದ್ದ ಎಸ್‌ಸಿಆರ್-300 ಎಂಬ ಎಫ್‌ಎಂ ರೇಡಿಯೊಗೆ ‘ವಾಕಿ-ಟಾಕಿ’ ಎಂಬ ಹೆಸರು ಅಂಟಿಕೊಂಡಿತು. ಕೈಯಲ್ಲಿ ಹಿಡಿಯುವ ಎಸ್‌ಸಿಆರ್-536 ಉಪಕರಣವನ್ನು ಆಗ ಕರೆಯುತ್ತಿದ್ದದ್ದು ‘ಹ್ಯಾಂಡಿ-ಟಾಕಿ’ ಎಂದು.

ಅನಲಾಗ್ ಎಫ್‌ಎಂನ ದೊಡ್ಡ ಗುಣವೆಂದರೆ ಅದು ಯಾವುದೇ ಒಂದು ಕಂಪನಿಯ ಸ್ವತ್ತಲ್ಲ. ಯಾವ ತಯಾರಕರ ರೇಡಿಯೊ ಆದರೂ, 30 ವರ್ಷ ಹಳೆಯದಾದರೂ, ಆವರ್ತನ ಹೊಂದಿಕೆಯಾದರೆ ಮಾತು ಕೇಳುತ್ತದೆ. ಅಂತರ ಹೆಚ್ಚಿದಂತೆ ಧ್ವನಿಯೊಡನೆ ‘ಸ್ಸ್’ ಎಂಬ ಸದ್ದು ಬೆರೆಯುತ್ತ ಹೋಗುತ್ತದೆ. ಹಾಗಿದ್ದರೂ ಪಳಗಿದ ಕಿವಿ ಆ ಸದ್ದಿನ ನಡುವಿನಿಂದ ಹೆಸರು, ಸ್ಥಳ, ಸಂಖ್ಯೆಗಳನ್ನು ಹೆಕ್ಕಿಕೊಳ್ಳಬಲ್ಲದು.

ಎರಡು ಕೇಂದ್ರಗಳು ಏಕಕಾಲಕ್ಕೆ ಮಾತನಾಡಿದರೆ ಎಫ್‌ಎಂ ರಿಸೀವರ್ ಬಲವಾದ ಸಂಕೇತವನ್ನು ಹಿಡಿದು ದುರ್ಬಲವಾದದ್ದನ್ನು ಅದುಮಿಬಿಡುತ್ತದೆ. ವಿಮಾನಗಳು ಮತ್ತು ನಿಯಂತ್ರಣ ಗೋಪುರಗಳ ನಡುವಿನ ಮಾತುಕತೆ ಇಂದಿಗೂ 118ರಿಂದ 137 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಇನ್ನೂ ಹಳೆಯದಾದ ಎಎಂ ವಿಧಾನದಲ್ಲೇ ನಡೆಯುತ್ತಿದೆ. ಎಎಂನಲ್ಲಿ ಇಬ್ಬರು ಒಟ್ಟಿಗೆ ಕರೆದರೆ ಎರಡನೆಯ ಕರೆಯ ಸುಳಿವಾದರೂ ಸಿಗುತ್ತದೆ ಎಂಬುದು ಅದರ ಅನುಕೂಲಗಳಲ್ಲೊಂದು.

ಡಿಜಿಟಲ್: ಧ್ವನಿಯ ವಿವರಣೆಯ ರವಾನೆ

ಡಿಜಿಟಲ್ ವಿಧಾನದಲ್ಲಿ ಧ್ವನಿ ನೇರವಾಗಿ ಪ್ರಯಾಣ ಮಾಡುವುದಿಲ್ಲ. ಮೈಕಿನಿಂದ ಬಂದ ಧ್ವನಿಯನ್ನು ಸೆಕೆಂಡಿಗೆ 8,000 ಬಾರಿ ಅಳೆದು ಅಂಕಿಗಳಾಗಿ ಮಾಡಲಾಗುತ್ತದೆ. ಪ್ರತಿ ಅಳತೆಗೆ 16 ಬಿಟ್ ಎಂದರೆ ಸೆಕೆಂಡಿಗೆ 1,28,000 ಬಿಟ್ ಆಯಿತು. ಕಿರಿದಾದ ರೇಡಿಯೊ ಚಾನೆಲ್‌ನಲ್ಲಿ ಇಷ್ಟನ್ನು ತುರುಕಲಾಗದು. ಆದ್ದರಿಂದ ‘ವೋಕೋಡರ್’ ಎಂಬ ಘಟಕವು ಧ್ವನಿಯನ್ನು ಸುಮಾರು 20 ಮಿಲಿಸೆಕೆಂಡಿನ ತುಣುಕುಗಳಾಗಿ ಕತ್ತರಿಸಿ, ಪ್ರತಿ ತುಣುಕಿನ ಶ್ರುತಿ ಎಷ್ಟು, ಅದು ಗಂಟಲಿನಿಂದ ಹೊರಟ ಸ್ವರವೇ ಅಥವಾ ಉಸಿರಿನ ಸದ್ದೇ, ಯಾವ ಭಾಗದಲ್ಲಿ ಎಷ್ಟು ಬಲವಿದೆ ಎಂಬ ವಿವರಗಳನ್ನು ಮಾತ್ರ ಬರೆದುಕೊಳ್ಳುತ್ತದೆ. ಈ ವಿವರಣೆ ಸೆಕೆಂಡಿಗೆ ಸುಮಾರು 2,400 ಬಿಟ್‌ಗಳಲ್ಲಿ ಮುಗಿಯುತ್ತದೆ. ಅಂದರೆ ಮೂಲಕ್ಕಿಂತ 50 ಪಟ್ಟು ಕಡಿಮೆ. ದಾರಿಯಲ್ಲಿ ಕೆಟ್ಟ ಬಿಟ್‌ಗಳನ್ನು ಸರಿಪಡಿಸಿಕೊಳ್ಳಲು ಇನ್ನಷ್ಟು ಬಿಟ್‌ಗಳನ್ನು ಇದಕ್ಕೆ ಸೇರಿಸಲಾಗುತ್ತದೆ. ಕೇಳುವ ಬದಿಯ ವೋಕೋಡರ್ ಈ ವಿವರಣೆಯನ್ನು ಓದಿ ಧ್ವನಿಯನ್ನು ಹೊಸದಾಗಿ ಕಟ್ಟಿಕೊಡುತ್ತದೆ.

ಇಷ್ಟೆಲ್ಲ ಸಾಹಸದ ಹಿಂದಿರುವ ಕಾರಣ ಆವರ್ತನಗಳ ಕೊರತೆ. ಬಳಕೆದಾರರು ಹೆಚ್ಚಿದರೂ ರೇಡಿಯೊ ಪಟ್ಟಿಗಳು ಹಿಗ್ಗುವುದಿಲ್ಲ. ಅಮೆರಿಕದಲ್ಲಿ 512 ಮೆಗಾಹರ್ಟ್ಸ್‌ಗಿಂತ ಕೆಳಗಿನ ಪಟ್ಟಿಗಳ ವಾಣಿಜ್ಯ ಹಾಗೂ ಸಾರ್ವಜನಿಕ ಸುರಕ್ಷತಾ ರೇಡಿಯೊಗಳು 25 ಕಿಲೊಹರ್ಟ್ಸ್ ಚಾನೆಲ್‌ಗಳಿಂದ 12.5 ಕಿಲೊಹರ್ಟ್ಸ್ ಚಾನೆಲ್‌ಗಳಿಗೆ ಬದಲಾಗಲು 2013ರ ಜನವರಿ 1ರ ಗಡುವು ವಿಧಿಸಲಾಗಿತ್ತು. ಡಿಜಿಟಲ್ ವಿಧಾನದಲ್ಲಿ ಅದೇ 12.5 ಕಿಲೊಹರ್ಟ್ಸ್‌ನಲ್ಲಿ ಎರಡು ಮಾತುಕತೆಗಳನ್ನು ಅಡಗಿಸಬಹುದು. ಜೊತೆಗೆ ಕರೆ ಮಾಡಿದವರ ಗುರುತು, ಕಿರುಸಂದೇಶ, ಜಿಪಿಎಸ್ ಮೂಲಕ ತಿಳಿದ ಸ್ಥಳದ ಮಾಹಿತಿಯನ್ನೂ ಧ್ವನಿಯ ಜೊತೆಗೇ ಕಳುಹಿಸಬಹುದು.

ಮೂರು ಪದ್ಧತಿ, ಮೂರು ಭಾಷೆ

ಡಿಜಿಟಲ್ ಎಂಬುದು ಒಂದೇ ಪದ್ಧತಿಯಲ್ಲ. ಹವ್ಯಾಸಿ ರೇಡಿಯೊ ಬಳಕೆದಾರರಲ್ಲಿ, ಅಂದರೆ ಹ್ಯಾಮ್‌ಗಳಲ್ಲಿ, ಮುಖ್ಯವಾಗಿ ಮೂರು ಪದ್ಧತಿಗಳು ಬಳಕೆಯಲ್ಲಿವೆ.

ಡಿ-ಸ್ಟಾರ್: ಜಪಾನಿನ ಹವ್ಯಾಸಿ ರೇಡಿಯೊ ಸಂಘವು ರೂಪಿಸಿದ ಪದ್ಧತಿ. ಐಕಾಮ್ ಕಂಪನಿಯ ರೇಡಿಯೊಗಳ ಮೂಲಕ ಹೆಚ್ಚು ಪ್ರಚಾರಕ್ಕೆ ಬಂತು. ಸೆಕೆಂಡಿಗೆ 4,800 ಬಿಟ್ ವೇಗದಲ್ಲಿ 3,600 ಬಿಟ್ ಧ್ವನಿ ಹಾಗೂ ಅದರ ದೋಷ ತಿದ್ದುಪಡಿಗೆ, ಉಳಿದ 1,200 ಬಿಟ್ ದತ್ತಾಂಶಕ್ಕೆ ಮೀಸಲು. ಇಲ್ಲಿ ವಿಳಾಸವೆಂದರೆ ಹ್ಯಾಮ್‌ನ ಕರೆ ಸಂಕೇತವೇ.

ಡಿಎಂಆರ್: ಯುರೋಪಿನ ದೂರಸಂಪರ್ಕ ಮಾನಕ ಸಂಸ್ಥೆ ‘ಎಟ್ಸಿ’ 2005ರಲ್ಲಿ ಪ್ರಕಟಿಸಿದ ಮಾನಕ. ಮೂಲತಃ ವಾಣಿಜ್ಯ ಬಳಕೆಗೆಂದು ರೂಪುಗೊಂಡು ಹ್ಯಾಮ್‌ಗಳನ್ನೂ ಸೆಳೆಯಿತು. ಸಮಯವನ್ನು 30 ಮಿಲಿಸೆಕೆಂಡಿನ ಸರದಿಗಳಾಗಿ ಹಂಚಿ, ಒಂದೇ ಚಾನೆಲ್‌ನಲ್ಲಿ ಎರಡು ಮಾತುಕತೆ ನಡೆಸುವುದು ಇದರ ವಿಶೇಷ. ಮಾತನಾಡುವ ರೇಡಿಯೊ ಅರ್ಧ ಸಮಯ ಮಾತ್ರ ಪ್ರಸಾರ ಮಾಡುವುದರಿಂದ ಬ್ಯಾಟರಿಯೂ ಉಳಿಯುತ್ತದೆ.

ಸಿಸ್ಟಂ ಫ್ಯೂಷನ್: ಜಪಾನಿನ ಯೇಸು ಕಂಪನಿ 2013ರಲ್ಲಿ ಪರಿಚಯಿಸಿದ ಪದ್ಧತಿ. ಇದರ ತಂತ್ರಕ್ಕೆ ಸಿ4ಎಫ್‌ಎಂ ಎಂದು ಹೆಸರು. ಬಂದ ಸಂಕೇತ ಅನಲಾಗ್ ಆಗಿದ್ದರೆ ಅನಲಾಗ್‌ಗೆ, ಡಿಜಿಟಲ್ ಆಗಿದ್ದರೆ ಡಿಜಿಟಲ್‌ಗೆ ರೇಡಿಯೊ ತಾನೇ ಹೊರಳುವ ‘ಎಎಂಎಸ್’ ಸೌಲಭ್ಯ ಇದರಲ್ಲಿದೆ.

ಈ ಮೂರೂ ಪದ್ಧತಿಗಳು ಪರಸ್ಪರ ನೇರವಾಗಿ ಮಾತನಾಡಲಾರವು. ಮೈಸೂರು, ಧಾರವಾಡ, ಮಂಗಳೂರಿನ ಕನ್ನಡಗಳ ನಡುವೆ ಇರುವಷ್ಟು ವ್ಯತ್ಯಾಸ ಇದಲ್ಲ. ಇವು ಬೇರೆ ಬೇರೆ ಭಾಷೆಗಳೇ. ಇವುಗಳ ನಡುವೆ ದುಭಾಷಿಯ ಕೆಲಸ ಮಾಡುವ ಸೇತುವೆಗಳು ಸಾಮಾನ್ಯವಾಗಿ ಇಂಟರ್‌ನೆಟ್‌ಗೆ ಜೋಡಿಸಿದ ಕಂಪ್ಯೂಟರ್‌ಗಳಲ್ಲಿವೆ. ಇಂಟರ್‌ನೆಟ್ ಇಲ್ಲದೆಡೆ ಈ ಎಲ್ಲ ರೇಡಿಯೊಗಳಿಗೂ ಸಮಾನವಾಗಿ ತಿಳಿಯುವ ಭಾಷೆ ಅನಲಾಗ್ ಎಫ್‌ಎಂ ಒಂದೇ.

ಈ ಮೂರು ಪದ್ಧತಿಗಳ ವೋಕೋಡರ್‌ಗಳು ಅಮೆರಿಕದ ಒಂದೇ ಕಂಪನಿಯ ಖಾಸಗಿ ತಂತ್ರಜ್ಞಾನವನ್ನು ಅವಲಂಬಿಸಿವೆ ಎಂಬ ಅಸಮಾಧಾನ ಹ್ಯಾಮ್‌ಗಳಲ್ಲಿದೆ. ಆಸ್ಟ್ರೇಲಿಯಾದ ಡೇವಿಡ್ ರೋ ಅವರು ಅಭಿವೃದ್ಧಿಪಡಿಸಿದ ಮುಕ್ತ ‘ಕೋಡೆಕ್-2’ ಹಾಗೂ ಅದನ್ನು ಬಳಸಿಕೊಂಡು ಪೋಲೆಂಡಿನಲ್ಲಿ ಆರಂಭವಾದ ‘ಎಂ17’ ಯೋಜನೆಗಳು ಇದಕ್ಕೆ ಬಂದಿರುವ ಉತ್ತರಗಳು.

ಅನಲಾಗ್‌ನಲ್ಲಿ ಬಳಕೆಯ ಕ್ರಮ

ಮೊದಲು ಆವರ್ತನವನ್ನು ನಿಗದಿಪಡಿಸಬೇಕು. ಬೆಟ್ಟದ ತುದಿಯಲ್ಲೋ ಎತ್ತರದ ಕಟ್ಟಡದಲ್ಲೋ ಇರುವ ರಿಪೀಟರ್ ಮೂಲಕ ಮಾತನಾಡುವುದಾದರೆ ಕೇಳುವ ಆವರ್ತನ ಒಂದು, ಹೇಳುವ ಆವರ್ತನ ಇನ್ನೊಂದು. 144-146 ಮೆಗಾಹರ್ಟ್ಸ್ ಹ್ಯಾಮ್ ಪಟ್ಟಿಯಲ್ಲಿ ಇವೆರಡರ ಅಂತರ ಸಾಮಾನ್ಯವಾಗಿ 600 ಕಿಲೊಹರ್ಟ್ಸ್. ಇದನ್ನು ರೇಡಿಯೊಗೆ ತಿಳಿಸದಿದ್ದರೆ ರಿಪೀಟರ್‌ನ ಮಾತು ಕೇಳುತ್ತದೆ, ಆದರೆ ನಮ್ಮ ಮಾತು ಅದಕ್ಕೆ ತಲುಪುವುದಿಲ್ಲ.

ನಂತರದ್ದು ಟೋನ್. ಅನೇಕ ರಿಪೀಟರ್‌ಗಳು ಮಾತಿನೊಡನೆ ಒಂದು ನಿರ್ದಿಷ್ಟ ಕೆಳಶ್ರುತಿಯ ನಾದವೂ ಬಂದರೆ ಮಾತ್ರ ಬಾಗಿಲು ತೆರೆಯುತ್ತವೆ. 67 ಹರ್ಟ್ಸ್‌ನಿಂದ 254.1 ಹರ್ಟ್ಸ್‌ವರೆಗಿನ ಈ ನಾದಗಳು ಕೇಳುಗರ ಕಿವಿಗೆ ಬೀಳದಂತೆ ರೇಡಿಯೊ ಸೋಸಿಬಿಡುತ್ತದೆ. ಟೋನ್ ಬಳಸಿದರೆ ಮಾತು ಗುಪ್ತವಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಅದು ಬೇರೆಯವರ ಮಾತು ನಮಗೆ ಕೇಳದಂತೆ ತಡೆಯುತ್ತದೆಯೇ ಹೊರತು ನಮ್ಮ ಮಾತು ಬೇರೆಯವರಿಗೆ ಕೇಳದಂತೆ ಮಾಡುವುದಿಲ್ಲ.

ಸ್ಕ್ವೆಲ್ಚ್ ಎಂಬುದು ಸಂಕೇತ ಇಲ್ಲದಾಗ ಸದ್ದನ್ನು ಅಡಗಿಸುವ ವ್ಯವಸ್ಥೆ. ಅದನ್ನು ಅತಿಯಾಗಿ ಏರಿಸಿಟ್ಟರೆ ದೂರದ ದುರ್ಬಲ ಕರೆಗಳೂ ಅಡಗಿಹೋಗುತ್ತವೆ. ಕ್ಷೀಣ ಧ್ವನಿಗಾಗಿ ಕಾಯುವಾಗ ಸ್ಕ್ವೆಲ್ಚ್ ಪೂರ್ಣ ತೆರೆಯುವ ‘ಮಾನಿಟರ್’ ಗುಂಡಿಯನ್ನು ಒತ್ತಿ ಹಿಡಿಯುವುದು ಹಳೆಯ ರೂಢಿ.

ಚಾನೆಲ್‌ನ ಅಗಲವೂ ಹೊಂದಿಕೆಯಾಗಬೇಕು. ಒಬ್ಬರು 25, ಇನ್ನೊಬ್ಬರು 12.5 ಕಿಲೊಹರ್ಟ್ಸ್ ಆರಿಸಿಕೊಂಡಿದ್ದರೆ ಒಂದು ಬದಿಯಲ್ಲಿ ಧ್ವನಿ ಒಡೆದು ಕೇಳುತ್ತದೆ, ಇನ್ನೊಂದು ಬದಿಯಲ್ಲಿ ಸಣ್ಣದಾಗಿ ಕೇಳುತ್ತದೆ.

ಡಿಜಿಟಲ್‌ನಲ್ಲಿ ಬಳಕೆಯ ಕ್ರಮ

ಡಿಜಿಟಲ್ ರೇಡಿಯೊದಲ್ಲಿ ಆವರ್ತನದ ಜೊತೆಗೆ ವಿಳಾಸವೂ ಸರಿಯಿರಬೇಕು. ಡಿಎಂಆರ್ ಬಳಸುವವರು ಮೊದಲು ತಮ್ಮ ಏಳಂಕಿಯ ಗುರುತು ಸಂಖ್ಯೆಯನ್ನು ಪಡೆದು ರೇಡಿಯೊದಲ್ಲಿ ದಾಖಲಿಸಬೇಕು. ಭಾರತದ ಹ್ಯಾಮ್‌ಗಳ ಸಂಖ್ಯೆ 404ರಿಂದ ಆರಂಭವಾಗುತ್ತದೆ. ನಂತರ 0ಯಿಂದ 15ರವರೆಗಿನ ‘ಕಲರ್ ಕೋಡ್’, ಒಂದು ಅಥವಾ ಎರಡನೇ ‘ಟೈಮ್ ಸ್ಲಾಟ್’, ಕೊನೆಗೆ ಯಾವ ಗುಂಪಿನೊಂದಿಗೆ ಮಾತನಾಡಬೇಕೋ ಆ ‘ಟಾಕ್ ಗ್ರೂಪ್’ ಸಂಖ್ಯೆ. ಇವುಗಳಲ್ಲಿ ಒಂದು ತಪ್ಪಿದರೂ ರೇಡಿಯೊ ಮೂಕವಾಗುತ್ತದೆ. ಇವನ್ನು ಗುಂಡಿಗಳ ಮೂಲಕ ತುಂಬುವುದು ಪ್ರಯಾಸದ ಕೆಲಸವಾದ್ದರಿಂದ ಕಂಪ್ಯೂಟರ್‌ನಲ್ಲಿ ಪಟ್ಟಿ ಸಿದ್ಧಪಡಿಸಿ ಕೇಬಲ್ ಮೂಲಕ ರೇಡಿಯೊಗೆ ಇಳಿಸಲಾಗುತ್ತದೆ.

ಡಿ-ಸ್ಟಾರ್‌ನಲ್ಲಿ ತನ್ನ ಕರೆ ಸಂಕೇತ, ಯಾರನ್ನು ಕರೆಯಬೇಕೋ ಅವರ ಸಂಕೇತ ಹಾಗೂ ಹಾದುಹೋಗಬೇಕಾದ ರಿಪೀಟರ್‌ನ ಸಂಕೇತಗಳನ್ನು ತುಂಬಬೇಕು. ಸಿಸ್ಟಂ ಫ್ಯೂಷನ್‌ನಲ್ಲಿ ಇಷ್ಟು ಜಂಜಾಟವಿಲ್ಲ. ‘ಡಿಎನ್’ ಆರಿಸಿದರೆ ಚಾನೆಲ್‌ನ ಒಂದು ಭಾಗ ಧ್ವನಿಗೆ, ಉಳಿದದ್ದು ದತ್ತಾಂಶ ಹಾಗೂ ದೋಷ ತಿದ್ದುಪಡಿಗೆ ಬಳಕೆಯಾಗುತ್ತದೆ. ‘ವಿಡಬ್ಲ್ಯು’ ಆರಿಸಿದರೆ ಇಡೀ ಚಾನೆಲ್ ಧ್ವನಿಗೇ ಮೀಸಲಾಗಿ ಗುಣಮಟ್ಟ ಏರುತ್ತದೆ.

ಮಾತನಾಡುವ ಶಿಸ್ತಿನಲ್ಲೂ ವ್ಯತ್ಯಾಸವಿದೆ. ಗುಂಡಿ ಒತ್ತಿದ ತಕ್ಷಣ ಮಾತು ಆರಂಭಿಸಿದರೆ ಮೊದಲ ಪದ ನುಂಗಿಹೋಗುತ್ತದೆ. ರಿಪೀಟರ್ ಎಚ್ಚರಗೊಂಡು ಒಪ್ಪಿಗೆಯ ಸದ್ದು ನೀಡುವವರೆಗೆ ಅಥವಾ ಒಂದು ಸೆಕೆಂಡ್ ಕಾದು ಮಾತನಾಡುವುದು ಒಳಿತು. ಇಂಟರ್‌ನೆಟ್ ಮೂಲಕ ಜೋಡಣೆಗೊಂಡ ಗುಂಪುಗಳಲ್ಲಿ ಒಬ್ಬರ ಮಾತು ಮುಗಿದ ಬಳಿಕ ಕೆಲ ಕ್ಷಣ ಬಿಡುವು ನೀಡಬೇಕು. ದೂರದ ಊರಿನವರು ನಡುವೆ ಪ್ರವೇಶಿಸಲು ಇರುವುದು ಅದೊಂದೇ ಕಿಂಡಿ.

ಮೈಕನ್ನು ಬಾಯಿಂದ ಎರಡು-ಮೂರು ಅಂಗುಲ ದೂರದಲ್ಲಿ ಹಿಡಿದು ಸಹಜ ದನಿಯಲ್ಲಿ ಮಾತನಾಡುವುದು, ಆಂಟೆನಾವನ್ನು ನೇರವಾಗಿ ಮೇಲ್ಮುಖವಾಗಿ ಇಟ್ಟುಕೊಳ್ಳುವುದು ಎರಡೂ ವಿಧಾನಗಳಿಗೆ ಅನ್ವಯಿಸುವ ಸೂತ್ರಗಳು. ಗಟ್ಟಿಯಾಗಿ ಕೂಗಿದರೆ ಅನಲಾಗ್‌ನಲ್ಲಿ ಧ್ವನಿ ಒಡೆಯುತ್ತದೆ. ಡಿಜಿಟಲ್‌ನಲ್ಲಿ ವೋಕೋಡರ್ ತಬ್ಬಿಬ್ಬಾಗುತ್ತದೆ.

ಅಂಚಿನಲ್ಲಿ ಏನಾಗುತ್ತದೆ?

ಎರಡು ವಿಧಾನಗಳ ನಿಜವಾದ ಅಂತರ ತಿಳಿಯುವುದು ಸಂಕೇತ ದುರ್ಬಲವಾದಾಗ. ಅನಲಾಗ್ ಧ್ವನಿ ಎಣ್ಣೆ ತೀರುತ್ತಿರುವ ದೀಪದಂತೆ ಮೆಲ್ಲಮೆಲ್ಲನೆ ಮಂಕಾಗುತ್ತದೆ. ಬಳಕೆದಾರನಿಗೆ ಮುನ್ಸೂಚನೆ ಸಿಗುತ್ತದೆ. ಆತ ಎರಡು ಹೆಜ್ಜೆ ಸರಿಯಬಹುದು, ದಿಬ್ಬ ಏರಬಹುದು.

ಡಿಜಿಟಲ್ ಧ್ವನಿಯ ರೀತಿ ಬೇರೆ. ದೋಷ ತಿದ್ದುಪಡಿಯ ಬಲದಿಂದ ಅದು ಬಹುದೂರದವರೆಗೆ ಸ್ವಚ್ಛವಾಗಿಯೇ ಇರುತ್ತದೆ. ಅನಲಾಗ್‌ನಲ್ಲಿ ಸದ್ದು ಕಿರಿಕಿರಿ ಮಾಡುವಷ್ಟು ದೂರದಲ್ಲೂ ಡಿಜಿಟಲ್ ಮಾತು ಪಕ್ಕದಲ್ಲಿ ಕುಳಿತು ಆಡಿದಂತೆ ಕೇಳುತ್ತದೆ. ಆದರೆ ಕೆಟ್ಟ ಬಿಟ್‌ಗಳ ಪ್ರಮಾಣ ತಿದ್ದುಪಡಿಯ ಮಿತಿ ಮೀರಿದಾಗ ಧ್ವನಿ ಕೆಲ ಕ್ಷಣ ಗುಳುಗುಳು ಎಂದು ತೊದಲಿ ಪೂರ್ತಿ ನಿಂತುಹೋಗುತ್ತದೆ. ಎದುರಿನವರು ಮಾತನಾಡುತ್ತಿಲ್ಲವೋ, ಮಾತನಾಡಿದ್ದು ತಲುಪುತ್ತಿಲ್ಲವೋ ಎಂಬುದು ತಿಳಿಯುವುದಿಲ್ಲ. ವಿಎಚ್‌ಎಫ್ ಮತ್ತು ಯುಎಚ್‌ಎಫ್ ಅಲೆಗಳು ಬಹುತೇಕ ನೇರ ದೃಷ್ಟಿಯ ಹಾದಿಯಲ್ಲೇ ಸಾಗುವುದರಿಂದ ಪಶ್ಚಿಮ ಘಟ್ಟದಂತಹ ಕಣಿವೆ-ಕಡಿದಾದ ಪ್ರದೇಶಗಳಲ್ಲಿ ಒಂದು ತಿರುವು ದಾಟಿದೊಡನೆ ಈ ಅನುಭವವಾಗಬಹುದು.

ಗದ್ದಲದ ಸಮಸ್ಯೆ ಇನ್ನೊಂದು. ವೋಕೋಡರ್ ಮನುಷ್ಯನ ಮಾತಿಗೆಂದೇ ರೂಪುಗೊಂಡದ್ದು. ಹಿನ್ನೆಲೆಯಲ್ಲಿ ಯಂತ್ರದ ಅಬ್ಬರವಿದ್ದರೆ ಅದನ್ನೂ ಮಾತೆಂದೇ ವಿವರಿಸಲು ಹೊರಟು ಎಲ್ಲವನ್ನೂ ಕಲಸುಮೇಲೋಗರ ಮಾಡುತ್ತದೆ. ಅಮೆರಿಕದ ಅಗ್ನಿಶಾಮಕ ಸಿಬ್ಬಂದಿಯಿಂದ ಇಂತಹ ದೂರುಗಳು ಬಂದ ನಂತರ ಅಲ್ಲಿನ ದೂರಸಂಪರ್ಕ ಆಡಳಿತ ಸಂಸ್ಥೆ ಎನ್‌ಟಿಐಎ, ಮುಖವಾಡ ಧರಿಸಿ, ಮರ ಕೊಯ್ಯುವ ಯಂತ್ರ ಹಾಗೂ ಅಪಾಯದ ಗಂಟೆಗಳ ಸದ್ದಿನ ನಡುವೆ ಆಡಿದ ಮಾತಿನ ಸ್ಪಷ್ಟತೆಯನ್ನು ಪರೀಕ್ಷಿಸಿ 2008ರಲ್ಲಿ ವರದಿ ಪ್ರಕಟಿಸಿತು. ಹಲವು ಸನ್ನಿವೇಶಗಳಲ್ಲಿ ಡಿಜಿಟಲ್‌ಗಿಂತ ಅನಲಾಗ್ ಮಾತೇ ಹೆಚ್ಚು ಅರ್ಥವಾಗುವಂತಿತ್ತು. ಹೊಸ ತಂತ್ರಜ್ಞಾನ ಎಲ್ಲೆಡೆಯೂ ಹಳೆಯದನ್ನು ಮೀರಿಸುತ್ತದೆ ಎಂಬ ನಂಬಿಕೆಗೆ ಇದು ಎಚ್ಚರಿಕೆಯ ಗಂಟೆ.

ಜಾಲ ಇಲ್ಲದ ದಿನ

ಮನೆಯಲ್ಲಿ ಅಂಗೈಯಗಲದ ‘ಹಾಟ್‌ಸ್ಪಾಟ್’ ಇಟ್ಟುಕೊಂಡರೆ ಬೆಂಗಳೂರಿನ ಹ್ಯಾಮ್ ಒಬ್ಬರು ಕೈ-ರೇಡಿಯೊದಿಂದಲೇ ಅಮೆರಿಕದಲ್ಲಿರುವ ಕನ್ನಡಿಗ ಹ್ಯಾಮ್ ಜೊತೆ ಮಾತನಾಡಬಹುದು. ಇದು ಡಿಜಿಟಲ್ ಧ್ವನಿಯ ದೊಡ್ಡ ಆಕರ್ಷಣೆ. ಆದರೆ ಆ ಮಾತು ಗಾಳಿಯಲ್ಲಿ ಸಾಗುವುದು ಮನೆಯೊಳಗಿನ ಕೆಲವೇ ಮೀಟರ್. ಉಳಿದ ದಾರಿಯೆಲ್ಲ ಇಂಟರ್‌ನೆಟ್. ವಿದ್ಯುತ್ ಅಥವಾ ಇಂಟರ್‌ನೆಟ್ ಹೋದರೆ ಅಮೆರಿಕವೂ ಇಲ್ಲ, ಪಕ್ಕದ ಬಡಾವಣೆಯೂ ಇಲ್ಲ.

2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿದಾಗ ಹೈದರಾಬಾದಿನ ರಾಷ್ಟ್ರೀಯ ಹವ್ಯಾಸಿ ರೇಡಿಯೊ ಸಂಸ್ಥೆಯ ಭಾರತಿ ಪ್ರಸಾದ್ ಅವರ ತಂಡ ಪೋರ್ಟ್‌ಬ್ಲೇರ್‌ನಲ್ಲಿತ್ತು. ದೂರವಾಣಿ ಸಂಪರ್ಕ ಕಡಿದುಹೋದ ಅಂಡಮಾನ್‌ನಿಂದ ಮುಖ್ಯ ಭೂಭಾಗಕ್ಕೆ ಸುದ್ದಿ ತಲುಪಿಸುವಲ್ಲಿ ಈ ತಂಡ ನೆರವಾಯಿತು. ಅವರು ಬಳಸಿದ್ದು ಕೈ-ರೇಡಿಯೊ ಅಲ್ಲ, ದೂರ ಸಾಗುವ ಶಾರ್ಟ್‌ವೇವ್ ರೇಡಿಯೊ. ಆದರೆ ಅದರಿಂದ ಕಲಿಯುವ ಪಾಠ ಕೈ-ರೇಡಿಯೊಗೂ ಸಲ್ಲುತ್ತದೆ: ನಡುವೆ ಯಾರ ನೆರವೂ ಬೇಡದ, ರೇಡಿಯೊದಿಂದ ರೇಡಿಯೊಗೆ ನೇರವಾಗಿ ಸಾಗುವ ದಾರಿಯೊಂದು ಸದಾ ಸಿದ್ಧವಿರಬೇಕು.

ಮಾತು ಕೇಳಿಸದಿದ್ದರೆ

* ಗರಗರ ಎಂಬ ಯಾಂತ್ರಿಕ ಸದ್ದು ಮಾತ್ರ ಕೇಳುತ್ತಿದ್ದರೆ: ಎದುರಿನವರು ಡಿಜಿಟಲ್‌ನಲ್ಲಿದ್ದಾರೆ, ನಿಮ್ಮ ರೇಡಿಯೊ ಅನಲಾಗ್‌ನಲ್ಲಿದೆ.
* ಸಂಕೇತದ ದೀಪ ಬೆಳಗುತ್ತಿದ್ದರೂ ಸದ್ದಿಲ್ಲದಿದ್ದರೆ: ಡಿಜಿಟಲ್ ಪದ್ಧತಿ, ಕಲರ್ ಕೋಡ್, ಸ್ಲಾಟ್ ಅಥವಾ ಟಾಕ್ ಗ್ರೂಪ್ ಹೊಂದುತ್ತಿಲ್ಲ. ಅನಲಾಗ್ ಆಗಿದ್ದರೆ ಟೋನ್ ತಪ್ಪಿರಬಹುದು.
* ಮಾತು ತೊದಲುತ್ತಿದ್ದರೆ: ಡಿಜಿಟಲ್ ಸಂಕೇತ ಅಂಚಿಗೆ ಬಂದಿದೆ. ಎತ್ತರಕ್ಕೆ ಅಥವಾ ಕಿಟಕಿಯ ಬಳಿಗೆ ಸರಿಯಿರಿ.
* ಯಾವುದೂ ಫಲಿಸದಿದ್ದರೆ: ಮೊದಲೇ ಒಪ್ಪಿಕೊಂಡ ಅನಲಾಗ್ ಆವರ್ತನಕ್ಕೆ, ಟೋನ್ ಇಲ್ಲದೆ, ಹಿಂತಿರುಗಿ.

ಕಾನೂನು ಏನನ್ನುತ್ತದೆ?

ವಾಕಿ-ಟಾಕಿ ಆಟಿಕೆಯಂತೆ ಸಿಕ್ಕರೂ ಅದರ ಬಳಕೆಗೆ ನಿಯಮಗಳಿವೆ. ಭಾರತದಲ್ಲಿ 446.0ರಿಂದ 446.2 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಕಾರ್ಯನಿರ್ವಹಿಸುವ ಕಡಿಮೆ ಶಕ್ತಿಯ ಕೈ-ರೇಡಿಯೊಗಳಿಗೆ 2018ರ ನಿಯಮಗಳ ಅನ್ವಯ ಪರವಾನಗಿಯಿಂದ ವಿನಾಯಿತಿ ಇದೆ. ಈ 200 ಕಿಲೊಹರ್ಟ್ಸ್ ಜಾಗದಲ್ಲಿ 12.5 ಕಿಲೊಹರ್ಟ್ಸ್ ಅಗಲದ 16 ಚಾನೆಲ್‌ಗಳು ಹಿಡಿಸುತ್ತವೆ. ಚಾರಣ, ಮದುವೆ ಮನೆ, ಸಣ್ಣ ಕಾರ್ಖಾನೆಗಳ ಬಳಕೆಗೆ ಇಷ್ಟು ಸಾಕು. ಆದರೆ ಉಪಕರಣಕ್ಕೆ ಸರ್ಕಾರದ ಮಾದರಿ ಅನುಮೋದನೆ ಇರಬೇಕು.

ಹ್ಯಾಮ್‌ಗಳಿಗೆ 144-146 ಮತ್ತು 434-438 ಮೆಗಾಹರ್ಟ್ಸ್ ಪಟ್ಟಿಗಳು ಲಭ್ಯವಿವೆ. ಇದಕ್ಕೆ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ‘ವಿಯು’ ಎಂದು ಆರಂಭವಾಗುವ ಕರೆ ಸಂಕೇತ ಪಡೆದಿರಬೇಕು. ಬೆಂಗಳೂರು ಹವ್ಯಾಸಿ ರೇಡಿಯೊ ಕ್ಲಬ್‌ನಂತಹ ಹಳೆಯ ಸಂಘಗಳು ರಾಜ್ಯದಲ್ಲಿ ಈ ಹವ್ಯಾಸವನ್ನು ಬೆಳೆಸುತ್ತ ಬಂದಿವೆ. ಡಿಜಿಟಲ್ ಬಳಸಿದರೂ ಹ್ಯಾಮ್‌ಗಳು ಅರ್ಥ ಮರೆಮಾಚುವ ಗೂಢಲಿಪಿ ಬಳಸುವಂತಿಲ್ಲ. ಅಂತರರಾಷ್ಟ್ರೀಯ ರೇಡಿಯೊ ನಿಯಮಾವಳಿಯೇ ಅದನ್ನು ನಿಷೇಧಿಸಿದೆ. ಡಿಎಂಆರ್ ರೇಡಿಯೊಗಳಲ್ಲಿ ಗೂಢಲಿಪಿಯ ಸೌಲಭ್ಯ ಅಡಕವಾಗಿರುತ್ತದೆ ಎಂಬ ಕಾರಣಕ್ಕೆ ಅದನ್ನು ಚಾಲೂ ಮಾಡುವುದು ಅಪರಾಧಕ್ಕೆ ದಾರಿಯಾದೀತು.

ಆನ್‌ಲೈನ್ ಮಾರುಕಟ್ಟೆಗಳಲ್ಲಿ ಆವರ್ತನದ ಮಾಹಿತಿಯಾಗಲಿ ಅನುಮೋದನೆಯ ವಿವರವಾಗಲಿ ಇಲ್ಲದೆ ವಾಕಿ-ಟಾಕಿ ಮಾರುತ್ತಿದ್ದ ಬಗ್ಗೆ 2025ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಇ-ವಾಣಿಜ್ಯ ಸಂಸ್ಥೆಗಳಿಗೆ ನೋಟಿಸ್ ನೀಡಿ ಮಾರ್ಗಸೂಚಿಯನ್ನೂ ಹೊರಡಿಸಿತು. ಕೊಳ್ಳುವ ಮುನ್ನ ಪೆಟ್ಟಿಗೆಯ ಮೇಲಿನ ಆವರ್ತನವನ್ನು ಓದುವುದು ಗ್ರಾಹಕರ ಹೊಣೆಯೂ ಹೌದು.

ಯಾವುದನ್ನು ಆರಿಸಬೇಕು?

ಆವರ್ತನ ಕಡಿಮೆ, ಬಳಕೆದಾರರು ಹೆಚ್ಚು, ಎಲ್ಲರ ಬಳಿಯೂ ಒಂದೇ ಪದ್ಧತಿಯ ರೇಡಿಯೊ ಇದೆ ಎಂಬಲ್ಲಿ ಡಿಜಿಟಲ್ ಉತ್ತಮ. ಸ್ವಚ್ಛ ಧ್ವನಿ, ಬ್ಯಾಟರಿ ಉಳಿತಾಯ, ಕರೆದವರ ಗುರುತು ಹಾಗೂ ಸ್ಥಳದ ಮಾಹಿತಿ ಅದರ ಲಾಭಗಳು. ಬೇರೆ ಬೇರೆ ತಂಡಗಳು, ಬೇರೆ ಬೇರೆ ಕಂಪನಿಯ ಉಪಕರಣಗಳು ಒಂದೆಡೆ ಸೇರುವಲ್ಲಿ, ಯಂತ್ರಗಳ ಅಬ್ಬರವಿರುವಲ್ಲಿ, ರಿಪೀಟರ್ ಮತ್ತು ಇಂಟರ್‌ನೆಟ್ ನಂಬಲಾಗದಲ್ಲಿ ಅನಲಾಗ್‌ಗೆ ಮೊರೆ ಹೋಗುವುದೇ ಜಾಣತನ.

ಎರಡೂ ಇರುವ ರೇಡಿಯೊ ಕೈಯಲ್ಲಿದ್ದರೆ ಮಾಡಬೇಕಾದ ಮೊದಲ ಕೆಲಸ ಸುಲಭದ್ದು. ತಂಡದ ಎಲ್ಲರೂ ಹೊರಡುವ ಮುನ್ನವೇ ಒಂದು ಅನಲಾಗ್ ಚಾನೆಲ್ ಗೊತ್ತುಮಾಡಿ, ಅದನ್ನು ಎಲ್ಲ ರೇಡಿಯೊಗಳಲ್ಲೂ ಒಂದೇ ಸ್ಥಾನದಲ್ಲಿ ದಾಖಲಿಸಿ, ಕತ್ತಲಲ್ಲೂ ಕೈ ತಡಕಾಡದೆ ಅಲ್ಲಿಗೆ ಹೊರಳುವುದನ್ನು ಒಮ್ಮೆ ಅಭ್ಯಾಸ ಮಾಡಬೇಕು. ಆಪತ್ತು ಬಂದ ಮೇಲೆ ಕೈಪಿಡಿ ತೆರೆಯಲು ಸಮಯ ಇರುವುದಿಲ್ಲ.